ಒಂಬತ್ತನೇ ಮನೆಯ ಏಳನೆಯವನು

ಬಂದ ವರ್ಷ ೧೧೮, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ
ಹಳೆ ಅಂಚೆಮನೆ, ಪಡುಹಿತ್ಲು

ಪ್ರಣಮ್ಯಳಿಗೆ,

ಮೇಲಿನ ತಾರೀಖು ನೋಡಿ ನಗಬೇಡ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಯಾವ ತಿಂಗಳಿಗೂ ನಲವತ್ತೊಂದು ದಿನ ಇಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ತಿಂಗಳುಗಳು ಬಿದ್ದುಹೋಗಿ ಬಹಳ ಕಾಲವಾಯಿತು. ಎರಡು ಬೇಸಿಗೆ, ಒಂದು ಮೋಡಗಾಲ, ಒಂದು ಚಳಿ, ಅಷ್ಟರಲ್ಲಿ ವರ್ಷ ಮುಗಿಯುತ್ತದೆ. ವರ್ಷಗಳನ್ನು ನಾವು ಎಣಿಸುವುದು ನೀವೆಲ್ಲ ಕಡಲ ತೀರ ಬಿಟ್ಟು ಈ ಬಯಲಿಗೆ ಬಂದ ದಿನದಿಂದ. ನಿನಗೆ ಇದು ಯಾವುದೂ ಇನ್ನೂ ಆಗಿಲ್ಲ. ನನ್ನ ಲೆಕ್ಕ ಸರಿಯಿದ್ದರೆ ಈ ಕಾಗದ ಸೇರುವಾಗ ನಿನಗೆ ಒಂಬತ್ತು ವರ್ಷ, ಬರೆಯುತ್ತಿರುವ ನನಗೆ ಎಪ್ಪತ್ತೊಂದು. ನೀನು ನನ್ನ ಅಜ್ಜಿಯ ತಾಯಿ ನಿಜ, ಆದರೆ ಒಂಬತ್ತು ವರ್ಷದ ಹುಡುಗಿಯನ್ನು ಬಹುವಚನದಲ್ಲಿ ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ಕ್ಷಮಿಸು. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವಾಗಿ ಕಾಣಬಹುದು. ಆ ವಸ್ತುಗಳೇ ನಿಮ್ಮಲ್ಲಿ ಇಲ್ಲದಿರುವಾಗ ಹೆಸರು ಎಲ್ಲಿಂದ ಬರಬೇಕು? ಅಲ್ಲಲ್ಲಿ ವಿವರಿಸುತ್ತಾ ಹೋಗುತ್ತೇನೆ.

ನಾನು ಕೂತಿರುವ ಜಾಗಕ್ಕೆ ‘ಬಂದವರ ಅಂಗಳ’ ಎನ್ನುತ್ತಾರೆ. ನಿನ್ನ ಕಾಲದವರು ಇಂಥದ್ದನ್ನು ಮ್ಯೂಸಿಯಂ ಎನ್ನುತ್ತಾರೆ. ನೀವು ಬಂದ ಮೊದಲ ಮೂವತ್ತು ವರ್ಷಗಳಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನೆಲ್ಲ ಒಂದೊಂದೇ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಒಂದು ಅಕ್ಕಿಮನೆ, ಒಂದು ನೀರುಮನೆ, ತಗಡಿನ ಶಾಲೆ, ಈ ಅಂಚೆಮನೆ ಮತ್ತು ನಾಲ್ಕು ವಾಸದ ಮನೆಗಳು. ಅಂಚೆಮನೆಯಲ್ಲೊಂದು ಕೆಂಪು ಡಬ್ಬಿ ಇದೆ. ಅದರ ಮುಂದಿನ ಬಾಯಿ ತುಕ್ಕು ಹಿಡಿದು ಮುಚ್ಚಿಹೋಗಿದೆ, ಬೆನ್ನಿಗೆ ಯಾರೋ ಒಂದು ಸೀಳು ಮಾಡಿದ್ದಾರೆ. ಅದು ಹಿಂದಂಚೆ. ನಮಗಿಂತ ಮೊದಲಿದ್ದವರಿಗೆ ಬರೆದ ಕಾಗದವನ್ನು ಅದರೊಳಗೆ ಹಾಕಬೇಕು. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಹಾಕುತ್ತಾರೆ, ದೊಡ್ಡವರು ಯಾರೂ ಹಾಕಿದ್ದು ನಾನು ಕಂಡಿಲ್ಲ. ಹಿಂದಂಚೆಗೆ ಉತ್ತರ ಮುಂದೆ ಬರುವುದಿಲ್ಲ, ಮೊದಲೇ ಬಂದಿರುತ್ತದೆ, ನಾವೇ ಹುಡುಕಿಕೊಳ್ಳಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನನ್ನ ಕೆಲಸವೇ ನಂಬದಿರುವುದಾಗಿತ್ತು.

ನನ್ನ ಹೆಸರು ಸೌಪರ್ಣಿಕೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ನಿಮ್ಮ ಕಡೆಯ ಹೊಳೆಗಳ ಹೆಸರಿಡುತ್ತಾರೆ. ನನ್ನ ತರಗತಿಯಲ್ಲಿ ನಾಲ್ವರು ವಾರಾಹಿಯರಿದ್ದರು. ನಮ್ಮಲ್ಲಿ ಒಬ್ಬಳೂ ತನ್ನ ಹೊಳೆಯನ್ನು ನೋಡಿದವಳಲ್ಲ. ನಾನು ನಲವತ್ತು ವರ್ಷ ನೀರುಗಿವಿಯಾಗಿದ್ದೆ. ಎಂದರೆ, ಮೊಳಕೈಯುದ್ದದ ಉಕ್ಕಿನ ಸರಳೊಂದನ್ನು ಪೈಪಿಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ನೀರು ಎಲ್ಲಿ ಸೋರುತ್ತಿದೆ, ಯಾರ ಮನೆಯಲ್ಲಿ ಪಾಲಿಗಿಂತ ಹೆಚ್ಚು ಇಳಿಯುತ್ತಿದೆ ಎಂದು ಹೇಳುವವಳು. ಇಲ್ಲಿ ತಲೆಗಿಷ್ಟು ಎಂದು ನೀರು ಕೊಡುತ್ತಾರೆ. ಪಾಲು ಮೀರಿ ತೆಗೆದುಕೊಂಡರೆ ಅದು ನೀರುಸುಳ್ಳು. ಕಳ್ಳತನಕ್ಕೆ, ಹೊಡೆದಾಟಕ್ಕೆ ನಮ್ಮಲ್ಲಿ ಕ್ಷಮೆ ಇದೆ, ನೀರುಸುಳ್ಳಿಗೆ ಇಲ್ಲ. ನೀನು ಈಗ ಹಲ್ಲುಜ್ಜುವಾಗ ನಲ್ಲಿ ಬಿಟ್ಟು ನಿಂತಿರುತ್ತೀ ಎಂದು ನನಗೆ ಖಾತ್ರಿಯಿದೆ. ಮೊದಲು ಹೋಗಿ ಅದನ್ನು ನಿಲ್ಲಿಸಿ ಬಾ.

ನೀರುಗಿವಿಯನ್ನು ಯಾರೂ ಮನೆಗೆ ಕರೆಯುವುದಿಲ್ಲ. ನಾನು ಓಣಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಹಂಡೆಗಳ ಮುಚ್ಚಳ ಬೀಳುವ ಸದ್ದು ಕೇಳುತ್ತಿತ್ತು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೋಯಿತು. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಓಣಿಯ ಅಭ್ಯಾಸ ಬದಲಾಗಿಲ್ಲ. ನಾನು ಊರಿಗೆ ನೀರು ಹಂಚುವ ಈಗಿನ ನೀರುಮನೆಯ ಹಿಂದಿನ ಒಂದು ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಜೋಳದ ಅಂಬಲಿ ಕಾಯಿಸಿಕೊಂಡು ಕಿಟಕಿಯ ಹತ್ತಿರ ಕೂತು ಕುಡಿಯುತ್ತೇನೆ, ಲೋಟವನ್ನು ಬೂದಿಯಲ್ಲಿ ಉಜ್ಜಿಡುತ್ತೇನೆ, ಆಮೇಲೆ ಸಂಜೆಯವರೆಗೆ ಮಾಡಲು ಏನೂ ಇರುವುದಿಲ್ಲ. ಬಾಯಿಬಿಟ್ಟು ಒಂದು ಮಾತೂ ಆಡದೆ ಮಲಗುವ ದಿನಗಳೇ ಹೆಚ್ಚು. ಬೇಸರವಾಗುತ್ತದೆ. ಮೊದಲು ಒಪ್ಪಿಕೊಳ್ಳುತ್ತಿರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ.

ಇಲ್ಲಿಗೆ ಬರಲು ಶುರು ಮಾಡಿದ್ದೂ ಅದೇ ಬೇಸರದಿಂದ. ಒಂಬತ್ತನೇ ಮನೆ ನಿನ್ನದು, ನೀನು ಇನ್ನೂ ಕಟ್ಟದ ಮನೆ. ಕೆಮ್ಮಣ್ಣಿನ ಗೋಡೆ, ಮುಂದೊಂದು ಜಗಲಿ, ಕಡಿದಾದ ಇಳಿಜಾರಿನ ಮಾಡು, ಮಾಡಿನ ತುದಿಗೆ ಮಳೆನೀರು ಹರಿದುಹೋಗಲು ಅಗಲವಾದ ತಗಡಿನ ದಂಬೆ. ನಾಲ್ಕೂ ಮನೆ ಹಾಗೆಯೇ. ವರ್ಷಕ್ಕೆ ಹನ್ನೊಂದು ದಿನ ಹನಿಯುವ ಊರಿನಲ್ಲಿ ನೀವು ಜಡಿಮಳೆಗೆ ಲಾಯಕ್ಕಾದ ಮನೆ ಕಟ್ಟಿದಿರಿ. ಮನೆಯೆಂದರೆ ಹೀಗೇ ಇರಬೇಕು ಎಂದು ನಿಮ್ಮ ಕೈಗಳಿಗೆ ಗೊತ್ತಿತ್ತು, ಆಕಾಶವನ್ನು ಯಾರೂ ಕೇಳಲಿಲ್ಲ. ಅಂಗಳದ ಫಲಕದ ಮೇಲೆ ‘ಬಿಸಿಗಾಳಿ ಮೇಲೇರಲೆಂದು ಜಾಣತನದಿಂದ ಮಾಡಿದ ಇಳಿಜಾರು’ ಎಂದು ಬರೆದಿದ್ದಾರೆ. ಊರು ಇರುವುದು ಮೂಡಣದಲ್ಲಿ, ಹೆಸರು ಪಡುಹಿತ್ಲು. ಅದಕ್ಕೂ ಒಂದು ಫಲಕವಿದೆ, ಅದನ್ನು ಓದಿದರೆ ನೀನು ಬಿದ್ದುಬಿದ್ದು ನಗುತ್ತೀ. ಈ ಊರು ಮೊದಲು ‘ಬರಿದಾದ ಬಯಲು’ ಆಗಿತ್ತೆಂದೂ ಅದರಲ್ಲಿ ಬರೆದಿದ್ದಾರೆ. ಅಂಗಳವನ್ನು ನೋಡಿಕೊಳ್ಳುವ ಜಗದೇವಿ, ನೀವು ಬರುವ ಮೊದಲೇ ಇಲ್ಲಿ ಜೋಳ ಬಿತ್ತುತ್ತಿದ್ದವರ ಮೊಮ್ಮಗಳು, ಆ ಫಲಕವನ್ನು ಮಾತ್ರ ಎಂದೂ ಒರೆಸುವುದಿಲ್ಲ.

ಈಗ ಮುಖ್ಯ ವಿಷಯ. ಈ ನಾಲ್ಕು ಮನೆಗಳು ನಿಂತಿರುವುದು ಒಂದು ಕಟ್ಟಳೆಯ ಮೇಲೆ. ವರ್ಷಕ್ಕೊಮ್ಮೆ, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ, ಆಯಾ ಮನೆತನದವರು ಬಂದು ಹೊಸ್ತಿಲಲ್ಲಿ ನಿಂತು ಆ ಮನೆಯಲ್ಲಿ ಬಾಳಿದವರ ಹೆಸರುಗಳನ್ನು ಗಟ್ಟಿಯಾಗಿ ಹೇಳಬೇಕು. ಎಷ್ಟು ಹೆಸರು ಎಂಬುದಕ್ಕೆ ಆಧಾರ ಬಾಗಿಲ ಪಕ್ಕದ ತಲೆಹಲಗೆ. ಮನೆಯಲ್ಲಿ ನೀರಿಗೆ ಎಷ್ಟು ತಲೆಯೆಂದು ಅದರಲ್ಲಿ ಕೊರೆದಿರುತ್ತಾರೆ. ಮೂರು ವರ್ಷ ಒಂದರ ಮೇಲೊಂದು ಹೆಸರು ಕಡಿಮೆ ಬಿದ್ದರೆ ಆ ಮನೆಯನ್ನು ಬಿಚ್ಚಿ ಮರವನ್ನು ಹೊಸ ಶಾಲೆಗೆ ಕೊಡುತ್ತಾರೆ. ಮರ ಇಲ್ಲಿ ಅಷ್ಟು ಅಪರೂಪ, ಯಾರನ್ನೂ ಬೈಯುವಂತಿಲ್ಲ. ಮೊದಲು ಹನ್ನೆರಡು ಮನೆಗಳಿದ್ದವು. ಹೆಸರು ಹೇಳುವವರು ಸತ್ತರು, ಕೆಲವರಿಗೆ ಪುರುಸೊತ್ತಾಗಲಿಲ್ಲ, ಮನೆಗಳು ಹೋದವು. ಒಂಬತ್ತನೇ ಮನೆಗೆ ನಾನೊಬ್ಬಳೇ ಉಳಿದಿದ್ದೇನೆ.

ಒಂಬತ್ತನೇ ಮನೆಯ ತಲೆಹಲಗೆಯಲ್ಲಿ ಏಳು ಎಂದಿದೆ. ನನಗೆ ಗೊತ್ತಿರುವುದು ಆರು. ಪ್ರಣಮ್ಯ, ನಿನ್ನ ಗಂಡನಾಗಲಿರುವ ನಿಶಾಂತ್, ಅವನ ತಾಯಿ ವಾರಿಜ, ನಿನ್ನ ಮಕ್ಕಳು ಶಮಂತ್, ಚಿರಾಗ್ ಮತ್ತು ಇಂಚರ. ಇಂಚರ ನನ್ನ ಅಜ್ಜಿ, ಇಲ್ಲಿಗೆ ಬಂದಾಗ ಅವಳಿಗೆ ಎಂಟು ವರ್ಷ. ಹೆಸರುಗಳ ಪಟ್ಟಿಯೊಂದು ನೀರುಮನೆಯಲ್ಲಿತ್ತಂತೆ, ಎರಡನೇ ಬರದ ಗಲಾಟೆಯಲ್ಲಿ ಸುಟ್ಟುಹೋಯಿತು. ನನ್ನ ತಾಯಿ ಬದುಕಿರುವವರೆಗೆ ಅವಳೇ ಹೆಸರು ಹೇಳುತ್ತಿದ್ದಳು. ಅವಳ ಜೊತೆ ಒಂದು ಸಲವಾದರೂ ಬಂದು ನಿಂತಿದ್ದರೆ ಏಳನೆಯದು ನನ್ನ ಕಿವಿಗೂ ಬೀಳುತ್ತಿತ್ತು, ನನಗೆ ಪೈಪುಗಳ ಕೆಲಸವಿತ್ತು. ಅವಳ ನಂತರ ಬಹಳ ವರ್ಷ ಯಾರೂ ಬರಲಿಲ್ಲ. ಆಗೆಲ್ಲ ಕಟ್ಟಳೆ ಸಡಿಲಾಗಿತ್ತು, ಹೇಳಿದ್ದನ್ನು ಯಾರೂ ಬರೆದಿಡುತ್ತಿರಲಿಲ್ಲ, ಮನೆ ಉಳಿಯಿತು. ಕಟ್ಟಳೆ ಬಿಗಿಯಾದ ಮೇಲೆ ನಾನು ಬಂದದ್ದು ಇದು ಮೂರನೇ ಸಲ. ಹೋದ ಎರಡೂ ವರ್ಷ ಆರೇ ಹೆಸರು ಹೇಳಿದೆ, ಈ ಸಲವೂ ಆರೇ ಆದರೆ ಮನೆ ಹೋಗುತ್ತದೆ.

ಈ ಎರಡು ವರ್ಷ ನಾನು ಏಳನೆಯವನನ್ನು ಹುಡುಕಿದ್ದೇನೆ. ತಗಡಿನ ಶಾಲೆಯ ಹಾಜರಿಯಲ್ಲಿ ಅವನಿಲ್ಲ. ಸೂಜಿಮದ್ದು ಹಾಕಿಸಿಕೊಂಡವರಲ್ಲಿ ಇಲ್ಲ. ಹೂಳುವ ಜಾಗದ ಕಲ್ಲುಗಳನ್ನು ಒಂದೊಂದಾಗಿ ತಡವಿದೆ, ಅಲ್ಲೂ ಇಲ್ಲ. ನನ್ನ ಹತ್ತಿರ ಇದ್ದದ್ದು ಅಜ್ಜಿಯ ನಾಲ್ಕು ಮಾತು ಮಾತ್ರ. ನಾನು ಚಿಕ್ಕವಳಿದ್ದಾಗ ಅವಳು ಯಾವಾಗಲಾದರೂ, ಅದೂ ಬಾಗಿಲು ಹಾಕಿದ ಮೇಲೆ, ಒಬ್ಬ ಅಣ್ಣನ ಸುದ್ದಿ ತೆಗೆಯುತ್ತಿದ್ದಳು. “ಪಾಪ, ಮಾತಾಡುಕೆ ಬತ್ತಿರ್ಲಿಲ್ಲ ಹೆಣೆ ಅವ್ನಿಗೆ. ಇಡೀ ದಿನ ಬಿಸ್ಲಂಗೇ ನಿಂತ್ಕಂಡ್ ಇರ್ತಿದ್ದ.” ಇನ್ನೊಮ್ಮೆ, “ಒಂದೇ ಸರ್ತಿ ಹೂಗ್ ಮುಡ್ಕಂಡಿದ್ದ, ಅಮ್ಮ ಕುಣ್ದ್ ಬಿಟ್ಟಿದ್ಲು” ಎಂದಳು. ಹೆಸರು ಕೇಳಿದರೆ ಬಾಯಿ ಮುಚ್ಚುತ್ತಿದ್ದಳು. ಬುದ್ಧಿ ಸ್ವಾಧೀನದಲ್ಲಿಲ್ಲದ ಒಬ್ಬ ಅಣ್ಣನಿದ್ದ, ಹೇಗೋ ಅವನಿಗೆ ಮದುವೆ ಮಾಡಿದ್ದರು, ಆಮೇಲೆ ಏನೋ ಆಗಬಾರದ್ದು ಆಯಿತು ಎಂದುಕೊಂಡೆ. ರಾತ್ರಿ ನಿದ್ದೆ ಬಾರದಾಗ ಅವನ ಮುಖವನ್ನೂ ಕಲ್ಪಿಸಿಕೊಂಡೆ. ನಿಜ ಹೇಳಲೇ? ಎರಡು ವರ್ಷ ಅವನು ನನಗೆ ಜೊತೆಯಾಗಿದ್ದ. ಅಂಬಲಿ ಕುಡಿಯುವಾಗ ಅವನ ಹತ್ತಿರ ಮಾತಾಡುವ ಅಭ್ಯಾಸವಾಗಿತ್ತು.

ಇವತ್ತು ಬೇಗ ಬಂದೆ. ಹೊಸ್ತಿಲಿಗೆ ಹೋಗುವ ಧೈರ್ಯವಾಗದೆ ಅಕ್ಕಿಮನೆಯೊಳಗೆ ಸುತ್ತಾಡುತ್ತಿದ್ದೆ. ಅಲ್ಲಿ ಗೋಡೆಯುದ್ದಕ್ಕೆ ಒಂದು ಹಲಗೆಯಿದೆ, ಮನೆಗೊಂದು ಸಾಲು ಮೊಳೆ, ಉಣ್ಣುವ ಒಂದು ಬಾಯಿಗೆ ಒಂದು ಮೊಳೆ. ಅಕ್ಕಿಚೀಲಗಳನ್ನು ಅದಕ್ಕೇ ತೂಗುಹಾಕುತ್ತಿದ್ದರಂತೆ. ಹಿಂದೆಯೂ ನೋಡಿದ್ದೆ, ಎಣಿಸಿರಲಿಲ್ಲ. ಒಂಬತ್ತನೇ ಸಾಲಿನಲ್ಲಿ ಆರು ಮೊಳೆ. ಏಳನೆಯದನ್ನು ಕಿತ್ತ ತೂತೂ ಇಲ್ಲ. ಆರು ಜನ ಉಣ್ಣುತ್ತಾರೆ, ಏಳು ಜನ ಕುಡಿಯುತ್ತಾರೆ. ನಲವತ್ತು ವರ್ಷ ಇಂಥದ್ದನ್ನೇ ಹಿಡಿದವಳು ನಾನು. ನಮ್ಮ ಮನೆಯಲ್ಲೇ ನೀರುಸುಳ್ಳು.

ಅಲ್ಲಿಂದ ನಿನ್ನ ಮನೆಯ ಹಿತ್ತಿಲಿಗೆ ಹೋದೆ. ಮನೆಯ ಹಿಂದೆ ಮೊಳಕಾಲೆತ್ತರದ ಒಂದು ಗುಂಡನೆಯ ಮಣ್ಣಿನ ಕಟ್ಟೆಯಿದೆ, ಅದನ್ನೂ ಹಾಗೇ ಎತ್ತಿ ತಂದಿದ್ದಾರೆ. ಫಲಕದಲ್ಲಿ ‘ಧಾನ್ಯ ಒಕ್ಕುವ ಕಣ’ ಎಂದಿದೆ. ಜಗದೇವಿ ಕಸ ಗುಡಿಸುತ್ತಿದ್ದಳು. ಇದು ಕಣವೇ ಎಂದು ಕೇಳಿದೆ. ಅವಳು ಪೊರಕೆ ಊರಿಕೊಂಡು ನಿಂತಳು. “ಯಾರರ ನಗ್ತಾರ್ರಿ ಯವ್ವಾ. ಕಣ ಅಂದ್ರ ಎತ್ತು ತಿರಗಬೇಕು. ಇದ್ರಾಗ ಕೋಳಿ ಸೈತ ತಿರಗಂಗಿಲ್ಲ. ಇದು ಗಿಡಕ್ಕ ನೀರು ನಿಲ್ಲಸೋ ಮಡಿ ಅದ.” ಅಷ್ಟು ವರ್ಷ ಗೊತ್ತಿದ್ದೂ ಅವಳನ್ನು ಯಾರೂ ಕೇಳಿರಲಿಲ್ಲ.

ಬಿಸಿಲಲ್ಲೇ ನಿಂತಿರುತ್ತಿದ್ದ. ಮಾತಾಡುತ್ತಿರಲಿಲ್ಲ. ಒಂದೇ ಸಲ ಹೂ ಮುಡಿದ. ನಾನು ತೆಂಗಿನ ಮರವನ್ನು ಚಿತ್ರದಲ್ಲಿ ಮಾತ್ರ ಕಂಡವಳು. ಅದರ ಹೂವನ್ನು ಹೊಂಬಾಳೆ ಎನ್ನುತ್ತಾರೆಂದು, ಅದು ಮೊದಲ ಸಲ ಬಿಟ್ಟಾಗ ಮನೆಯವರು ಸಂಭ್ರಮಪಡುತ್ತಾರೆಂದು ಓದಿ ಬಲ್ಲೆ. ನೀವು ಸಾಮಾನಿನ ಜೊತೆ ಮೊಳಕೆಯೊಡೆದ ಒಂದು ಕಾಯಿಯನ್ನೂ ತಂದಿರಬೇಕು. ಹಿತ್ತಿಲಲ್ಲಿ ತೆಂಗಿಲ್ಲದ ಮನೆ ಮನೆಯೇ ಅಲ್ಲ ನಿಮಗೆ. ತಲೆ ಎಣಿಸುವವರು ಬಂದಾಗ ಅದಕ್ಕೊಂದು ಮನುಷ್ಯರ ಹೆಸರಿಟ್ಟು, ಮನೆಯ ಹಿರಿಮಗನೆಂದು ಬರೆಸಿ, ಒಬ್ಬನ ಪಾಲಿನ ನೀರು ಹೊಡೆದಿರಿ. ಸಿಕ್ಕಿಬೀಳುವ ಭಯಕ್ಕೆ ಮಕ್ಕಳಿಗೆ ಅಣ್ಣನೆಂದೇ ಕಲಿಸಿದಿರಿ. ಆ ಭಯ ಎಂಥದ್ದೆಂದರೆ, ಮರ ಒಣಗಿ ಎಷ್ಟೋ ವರ್ಷಗಳಾದ ಮೇಲೂ ನನ್ನ ಅಜ್ಜಿ ಸ್ವಂತ ಮೊಮ್ಮಗಳ ಹತ್ತಿರ ಬಾಯಿಬಿಡಲಿಲ್ಲ. ಗುಟ್ಟನ್ನು ಅಷ್ಟು ಚೆನ್ನಾಗಿ ಕಾಪಾಡಿದರೆ ಹೀಗೇ ಆಗುತ್ತದೆ, ಕಡೆಗೆ ಮನೆಯವರಿಗೇ ಸಿಗುವುದಿಲ್ಲ.

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಮೊದಲು ನಗು ಬಂತು, ಆಮೇಲೆ ವಾರಾಹಿಯ ನೆನಪು ಬಂತು. ನಾಲ್ವರು ವಾರಾಹಿಯರಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ನನ್ನನ್ನು ಸೌಪಿ ಎಂದು ಕರೆಯುತ್ತಿದ್ದ ಒಬ್ಬಳೇ ಒಬ್ಬಳು. ಅವಳು ಬಚ್ಚಲಿನ ಹಿಂದೆ ತಗಡಿನ ಡಬ್ಬಿಯಲ್ಲಿ ಮಲ್ಲಿಗೆ ಬಳ್ಳಿ ಇಟ್ಟುಕೊಂಡಿದ್ದಳು. ನಾನು ಸರಳಿಟ್ಟು ಕೇಳಿ ಹಿಡಿದೆ. “ಒಂದ್ ಲೋಟ ನೀರ್ ಅಲ್ದಾ ಸೌಪಿ” ಎಂದಳು. ಒಂದು ಲೋಟವೂ ನೀರೇ ಎಂದೆ, ಬರೆದುಕೊಂಡೆ. ಅವರ ಪಾಲು ಅರ್ಧಕ್ಕಿಳಿಯಿತು. ಮರುವರ್ಷ ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಬಡಗಣಕ್ಕೆ ಹೋದಳು, ಮತ್ತೆ ಸುದ್ದಿಯಿಲ್ಲ. ನಾನು ಸರಿಯಾದದ್ದನ್ನೇ ಮಾಡಿದೆ ಎಂದು ಮೂವತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇವತ್ತು ನಿನ್ನ ಹಿತ್ತಿಲಲ್ಲಿ ಕೂತು ಹಾಗೆ ಹೇಳಿಕೊಳ್ಳಲು ಆಗಲಿಲ್ಲ. ಅತ್ತುಬಿಟ್ಟೆ, ಈ ವಯಸ್ಸಿನಲ್ಲಿ, ಫಲಕದ ಪಕ್ಕ.

ಒಂದು ಸುಳ್ಳು ಹೆಸರು ಹೇಳಿಬಿಡಬಹುದಿತ್ತು. ಬಾಯಿಗೆ ಬಂದ ಒಂದು ಹೆಸರು ಸಾಕು, ಪರೀಕ್ಷಿಸಲು ಯಾರಿದ್ದಾರೆ? ಮನೆ ಉಳಿಯುತ್ತಿತ್ತು, ಮನೆತನದ ಮಾನವೂ ಉಳಿಯುತ್ತಿತ್ತು. ಆದರೆ ವಾರಾಹಿಯ ನಿಜವನ್ನು ಊರಿಗೆಲ್ಲ ಕೇಳಿಸಿ, ನನ್ನ ಮನೆಯದನ್ನು ಮುಚ್ಚಿಡಲು ಮನಸ್ಸು ಬರಲಿಲ್ಲ. ಹೊಸ್ತಿಲಲ್ಲಿ ನಿಂತು ಆರು ಹೆಸರು ಹೇಳಿದೆ. ಏಳನೆಯದು ತೆಂಗಿನ ಮರ, ನಮ್ಮದು ನೀರುಸುಳ್ಳಿನ ಮನೆ ಎಂದೂ ಗಟ್ಟಿಯಾಗಿ ಹೇಳಿದೆ. ಕೇಳಲು ಜಗದೇವಿ ಬಿಟ್ಟರೆ ಯಾರೂ ಇರಲಿಲ್ಲ. ಅವಳು ಹೆಸರು ಬರೆಯುವ ಪುಸ್ತಕ ತೆರೆದುಕೊಂಡಳು.

“ನೀರು ಕುಡದು ಬಾಳೇದ ಅಂದಮ್ಯಾಲ ಬರಕೋತೀನ್ರಿ, ನಂದೇನೂ ತಕರಾರಿಲ್ಲ. ಖರೆ ಅದಕ್ಕೇನ್ ಹೆಸರಿಟ್ಟಿದ್ರು? ಹೆಸರ ಇಲ್ದ ಬರೀಲಿಕ್ಕ ಬರಂಗಿಲ್ರಿ ಯವ್ವಾ.”

ಗೊತ್ತಿಲ್ಲ ಎಂದೆ. ಅವಳು ಪುಸ್ತಕ ಮುಚ್ಚಲಿಲ್ಲ. ಲೇಖನಿಯನ್ನು ಹಾಳೆಯ ನಡುವೆ ಇಟ್ಟು, “ಸಂಜಿ ಗಂಟಿ ಹೊಡಿಯೂತನಕ ತೆರದ ಇಡ್ತೀನಿ, ಆಮ್ಯಾಲ ನನ್ನ ಕೈಯಾಗಿಲ್ರಿ” ಎಂದು ಪೊರಕೆ ತೆಗೆದುಕೊಂಡು ಹೋದಳು. ನಾನು ಇಲ್ಲಿ ಅಂಚೆಮನೆಗೆ ಬಂದು ಕೂತೆ. ಕಿಟಕಿಯಿಂದ ನಿನ್ನ ಮನೆ ಕಾಣುತ್ತದೆ. ಮಳೆಯೇ ಕಾಣದ ದಂಬೆಯಲ್ಲಿ ಗುಬ್ಬಿಗಳು ಗೂಡು ಕಟ್ಟಿವೆ.

ಪ್ರಣಮ್ಯ, ನಿನ್ನನ್ನು ಒಂದೇ ಒಂದು ಕೇಳಿಕೊಳ್ಳುತ್ತೇನೆ. ಈ ಕಾಗದವನ್ನು ಎಲ್ಲಾದರೂ ಜೋಪಾನ ಮಾಡು, ಅಥವಾ ಮರೆತುಬಿಡು, ಆದರೆ ಇಷ್ಟು ನೆನಪಿರಲಿ. ನೀನು ದೊಡ್ಡವಳಾಗುತ್ತೀ. ಕಡಲು ನಿಮ್ಮ ಅಂಗಳಕ್ಕೆ ಬರುತ್ತದೆ, ನೀವು ಹೊರಡುತ್ತೀರಿ. ಲಾರಿಯಲ್ಲಿ ಜಾಗವಿಲ್ಲ, ಮೊಳಕೆ ಕಾಯಿಯನ್ನು ಬಿಟ್ಟು ಹತ್ತು ಎಂದು ಯಾರಾದರೂ ಹೇಳುತ್ತಾರೆ. ಕೇಳಬೇಡ, ಮಡಿಲಲ್ಲಿ ಇಟ್ಟುಕೋ. ಇಲ್ಲಿ ಬಂದು ಮಾಡು ಕಟ್ಟಿದ ಮೇಲೆ ಒಬ್ಬರು ಹಲಗೆ ಹಿಡಿದು ಬಾಗಿಲಿಗೆ ಬಂದು, ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಾರೆ. ನಲವತ್ತು ವರ್ಷ ಆ ಹಲಗೆಯವರ ಪರವಾಗಿ ದುಡಿದವಳು ಹೇಳುತ್ತಿದ್ದೇನೆ, ತಡವರಿಸಬೇಡ. ಏಳು ಎನ್ನು. ಅವನಿಗೆ ನಿನಗಿಷ್ಟವಾದ ಹೆಸರಿಡು. ಆಮೇಲೆ, ಯಾರೂ ನೋಡದಾಗ, ಹಿತ್ತಿಲ ಬಾಗಿಲ ಚೌಕಟ್ಟಿನ ಒಳಮೈಯಲ್ಲಿ, ಎಡಗಡೆ, ಕೂತರೆ ಕೈಗೆ ಸಿಗುವಷ್ಟು ಕೆಳಗೆ, ಆ ಹೆಸರನ್ನು ಮೊಳೆಯಿಂದ ಗೀರಿಡು. ಆಳವಾಗಿ ಗೀರು. ಅಂಗಳದವರು ಎರಡು ಸಲ ಎಣ್ಣೆ ಬಳಿದಿದ್ದಾರೆ.

ಆ ಚೌಕಟ್ಟನ್ನು ನಾನು ಇನ್ನೂ ನೋಡಿಲ್ಲ. ಈ ಎರಡು ವರ್ಷದಲ್ಲಿ ಮನೆಯ ಇಂಚಿಂಚನ್ನೂ ತಡವಿದವಳು, ಆ ಒಂದು ಕಡೆ ಕೂತು ನೋಡಿರಲಿಲ್ಲ. ಇವತ್ತು ಬೇಕೆಂದೇ ನೋಡದೆ ಬಂದೆ. ಮೊದಲು ಕೇಳಿ ಆಮೇಲೆ ನೋಡುವುದು ಮರ್ಯಾದೆ ಎನಿಸಿತು. ಅಲ್ಲಿ ಏನೂ ಇಲ್ಲದಿದ್ದರೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಕಾಗದ ತಲುಪಲಿಲ್ಲ ಎಂದುಕೊಳ್ಳುತ್ತೇನೆ. ಇದ್ದರೆ, ಈ ಊರಿನಲ್ಲಿ ನನ್ನ ಜೊತೆ ಮಾತಾಡಿದವರು ಇವತ್ತಿಗೆ ಇಬ್ಬರಾಗುತ್ತಾರೆ, ಜಗದೇವಿ ಮತ್ತು ನೀನು.

ಗಂಟೆ ಹೊಡೆಯಲು ಜಗದೇವಿ ಹಗ್ಗದ ಹತ್ತಿರ ಹೋಗುತ್ತಿದ್ದಾಳೆ. ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದಾಳೆ, ನನಗೆ ಕಾಣುತ್ತಿದೆ. ಕಾಗದವನ್ನು ಡಬ್ಬಿಗೆ ಹಾಕಿ ಹಿತ್ತಿಲ ಬಾಗಿಲಿಗೆ ಹೋಗುತ್ತೇನೆ. ಕಣ್ಣು ಮಂಜಾಗಿದೆ, ಬೆರಳಿನಿಂದಲೇ ಓದಬೇಕು. ಆಳವಾಗಿ ಗೀರು, ಮಗಳೇ.

ನಿನ್ನ ಮರಿಮಗಳು,
ಸೌಪರ್ಣಿಕೆ